ಗುಳಿಗೆಯೂ ಗುಟುಕೂ

ಔಷಧದ ಅಂಗಡಿಯಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಎರಡು ಜಾತಿ. ಕೆಲವನ್ನು ಹತ್ತು ಮಂದಿಯ ನಡುವೆ ನಿಂತು ಗಟ್ಟಿಯಾಗಿ ಕೇಳಬಹುದು; ಕೆಲವನ್ನು ಅಂಗಡಿ ಬರಿದಾಗುವವರೆಗೆ ಕಾದು, ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕೇಳಬೇಕಾಗುತ್ತದೆ. ಗೋಕಾಕದ ಪೇಟೆಯಲ್ಲಾಗಲಿ, ಮೂಡಲಗಿಯ ಸಂತೆಯ ಬೀದಿಯಲ್ಲಾಗಲಿ, ಹುಕ್ಕೇರಿಯ ಬಸ್ಸು ನಿಲ್ದಾಣದ ಬಳಿಯಲ್ಲಾಗಲಿ, ಈ ಎರಡನೆಯ ಜಾತಿಯ ಪ್ರಶ್ನೆಗಳಲ್ಲಿ ಮುಂದಿನ ಸಾಲಿಗೆ ಸಲ್ಲತಕ್ಕ ಪ್ರಶ್ನೆ ಒಂದುಂಟು: “ಬೀಪಿ ಗುಳಿಗಿ ತಗೊಂಡ ದಿನ ಒಂದೀಟು ತಗೊಂಡ್ರ ನಡೀತೈತೇನ್ರಿ?”

ಏನನ್ನು ತೆಗೆದುಕೊಂಡರೆ ಎಂಬುದನ್ನು ಕೇಳುವವನು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಅಂಗಡಿಯ ಹುಡುಗನಿಗೆ ಅರ್ಥವಾಗುತ್ತದೆ. “ಬ್ಯಾಡ್ರಿ ಕಾಕಾ, ಡಾಕ್ಟರನ್ನ ಕೇಳ್ರಿ” ಎಂದು ಅವನು ತನ್ನ ಕೈ ತೊಳೆದುಕೊಳ್ಳುತ್ತಾನೆ. ಕಾಕಾ ಡಾಕ್ಟರನ್ನು ಕೇಳುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ತನಗೆ ತಾನೇ ಒಂದು ತೀರ್ಪನ್ನು ಕೊಟ್ಟುಕೊಳ್ಳುತ್ತಾನೆ: ಕುಡಿಯುವ ದಿನ ಗುಳಿಗೆ ಬೇಡ, ಗುಳಿಗೆಯ ದಿನ ಕುಡಿತ ಬೇಡ. ಎರಡೂ ಒಂದೇ ಹೊಟ್ಟೆಯಲ್ಲಿ ಸೇರದಿದ್ದರೆ ಜಗಳವೇ ಇಲ್ಲವಲ್ಲ!

ಮೇಲುನೋಟಕ್ಕೆ ಈ ತೀರ್ಪು ವಿವೇಕದ್ದಾಗಿಯೇ ತೋರುತ್ತದೆ. ಸವತಿಯರಿಬ್ಬರನ್ನು ಬೇರೆ ಬೇರೆ ಮನೆಯಲ್ಲಿರಿಸಿದ ಜಾಣತನ ಇದರಲ್ಲಿದೆ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಗುಳಿಗೆಯ ಜೊತೆಗೆ ಮದ್ಯ ಸೇರುವುದರಿಂದ ಆಗುವ ಕೆಡುಕು ಎಷ್ಟೋ, ಮದ್ಯಕ್ಕಾಗಿ ಗುಳಿಗೆಯನ್ನು ಬಿಡುವುದರಿಂದ ಆಗುವ ಕೆಡುಕು ಅದಕ್ಕಿಂತ ಕಡಮೆಯದಲ್ಲ. ಅನೇಕ ಸಂದರ್ಭಗಳಲ್ಲಿ ಹೆಚ್ಚಿನದು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ರಕ್ತದ ಒತ್ತಡ ಎಂಬುದರ ಸ್ವರೂಪವನ್ನು ಅರಿಯಬೇಕು.

ಕೊಳವೆಯ ನ್ಯಾಯ

ಘಟಪ್ರಭೆಯ ದಂಡೆಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಧೂಪದಾಳದ ಒಡ್ಡಿನ ಬಳಿ ಕಾಲುವೆಗೆ ತಿರುಗುವುದನ್ನೂ, ಪಂಪು ಆ ನೀರನ್ನು ಕೊಳವೆಯೊಳಕ್ಕೆ ತಳ್ಳಿ ಕಬ್ಬಿನ ಹೊಲಕ್ಕೆ ಏರಿಸುವುದನ್ನೂ ಅವನು ದಿನವೂ ಕಾಣುತ್ತಾನೆ. ಕೊಳವೆ ಕಿರಿದಾದರೆ, ಪಂಪು ಮಿತಿಮೀರಿ ತಳ್ಳಿದರೆ, ಅಥವಾ ನೀರಿನ ಪ್ರಮಾಣವೇ ಅಧಿಕವಾದರೆ, ಕೊಳವೆಯ ಗೋಡೆಯ ಮೇಲಿನ ಒತ್ತಡ ಏರುತ್ತದೆ. ಒಂದು ದಿನ, ಎರಡು ದಿನ ಕೊಳವೆ ತಡೆದೀತು. ವರ್ಷಗಟ್ಟಲೆ ಇದೇ ಸ್ಥಿತಿ ನಡೆದರೆ ದುರ್ಬಲವಾದ ಸಂದಿನಲ್ಲಿ ಬಿರಿಯುತ್ತದೆ, ಪಂಪೂ ದಣಿಯುತ್ತದೆ.

ದೇಹದಲ್ಲಿ ಪಂಪು ಹೃದಯ, ಕೊಳವೆಗಳು ರಕ್ತನಾಳಗಳು, ನೀರಿನ ಪ್ರಮಾಣವನ್ನು ಕಾಯುವ ನೀರಗಂಟಿ ಮೂತ್ರಪಿಂಡ. ವೈದ್ಯರು ತೋಳಿಗೆ ಪಟ್ಟಿ ಸುತ್ತಿ ಹೇಳುವ ಎರಡು ಅಂಕೆಗಳಲ್ಲಿ ಮೇಲಿನದು ಹೃದಯ ಕುಗ್ಗಿ ರಕ್ತವನ್ನು ತಳ್ಳಿದಾಗಿನ ಒತ್ತಡ, ಕೆಳಗಿನದು ಹೃದಯ ವಿಶ್ರಮಿಸಿದಾಗಿನ ಒತ್ತಡ. ವೈದ್ಯರ ಕೋಣೆಯಲ್ಲಿ ಬೇರೆ ಬೇರೆ ದಿನ ಅಳೆದಾಗಲೂ ಇದು 140/90ರ ಮಟ್ಟದಲ್ಲಿ ಅಥವಾ ಅದನ್ನು ಮೀರಿ ನಿಂತರೆ ಅದನ್ನು ರಕ್ತದೊತ್ತಡದ ರೋಗವೆಂದು ಕರೆಯುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಹದಿನೈದು ವರ್ಷ ತುಂಬಿದ ಗಂಡಸರಲ್ಲಿ 100ಕ್ಕೆ 24 ಮಂದಿಗೂ ಹೆಂಗಸರಲ್ಲಿ 100ಕ್ಕೆ 21 ಮಂದಿಗೂ ಒತ್ತಡ ಮೇರೆ ಮೀರಿದೆ, ಅಥವಾ ಅವರು ಅದಕ್ಕೆ ಔಷಧ ಸೇವಿಸುತ್ತಿದ್ದಾರೆ. ಇವರಲ್ಲಿ ಬಹುಮಂದಿಗೆ ನೋವಿಲ್ಲ, ಜ್ವರವಿಲ್ಲ, ನಿದ್ರೆಗೆ ಕೊರತೆಯಿಲ್ಲ. ರೋಗವು ಮಾತಾಡುವುದಿಲ್ಲ. ಆದಕಾರಣವೇ ಗುಳಿಗೆಯನ್ನು ಬಿಡುವುದೂ ಸುಲಭ. ಬಿಟ್ಟ ದಿನ ಯಾವ ವ್ಯತ್ಯಾಸವೂ ತೋರುವುದಿಲ್ಲ.

ಇಳಿಸಿ ಏರಿಸುವ ಆಟ

ಮದ್ಯವು ಒತ್ತಡವನ್ನು ಇಳಿಸುವುದೇ, ಏರಿಸುವುದೇ? ಎರಡನ್ನೂ ಮಾಡುತ್ತದೆ. ಜನರನ್ನು ಮೋಸಗೊಳಿಸುವ ಸಂಗತಿ ಇದೇ.

ಹೊಟ್ಟೆಗೆ ಬಿದ್ದ ಮದ್ಯ ರಕ್ತವನ್ನು ಸೇರಿದೊಡನೆ ಚರ್ಮದ ನಾಳಗಳು ಹಿಗ್ಗುತ್ತವೆ. ಮುಖ ಕೆಂಪೇರುತ್ತದೆ, ಮೈ ಬೆಚ್ಚಗಾಗುತ್ತದೆ, ಒತ್ತಡ ಇಳಿಯುತ್ತದೆ, ಹೃದಯದ ಬಡಿತ ಮಾತ್ರ ಚುರುಕಾಗುತ್ತದೆ. ಕೆಲವು ಗಂಟೆಗಳು ಕಳೆದು ಅದರ ಪ್ರಭಾವ ಹರಿಯುತ್ತ ಬಂದಾಗ ಶರೀರದ ನರಮಂಡಲವು ಕೆರಳಿ, ನಾಳಗಳು ಬಿಗಿದು, ಒತ್ತಡವು ಮೊದಲಿದ್ದ ಮಟ್ಟವನ್ನೂ ದಾಟಿ ಏರುತ್ತದೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯೊಂದು ಈ ವಿಷಯದ 32 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. 30 ಗ್ರಾಮಿಗಿಂತ ಹೆಚ್ಚು ಮದ್ಯಸಾರ ಸೇವಿಸಿದವರಲ್ಲಿ ಮೊದಲ ಹನ್ನೆರಡು ಗಂಟೆ ಮೇಲಿನ ಅಂಕೆ ಸರಾಸರಿ ಮೂರೂವರೆಯಷ್ಟು ಇಳಿದಿತ್ತು. ಹದಿಮೂರು ಗಂಟೆಗಳ ಅನಂತರ ಸರಿಸುಮಾರು ಅಷ್ಟೇ ಏರಿತ್ತು.

30 ಗ್ರಾಂ ಎಂದರೆ ಎಷ್ಟು? ಇದರ ಲೆಕ್ಕ ಕಷ್ಟದ್ದಲ್ಲ. ನಮ್ಮ ದೇಶದಲ್ಲಿ ಮಾರುವ ವಿಸ್ಕಿ, ರಮ್ ಮುಂತಾದವುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರ. ಈ ಲೆಕ್ಕದಲ್ಲಿ 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ 10 ಗ್ರಾಂ. ಜನರು ‘ನೈಂಟಿ’ ಎಂದು ಕರೆಯುವ 90 ಮಿಲಿಲೀಟರಿನ ಪೊಟ್ಟಣದಲ್ಲಿ 30 ಗ್ರಾಂ. 180 ಮಿಲಿಲೀಟರಿನ ‘ಕ್ವಾರ್ಟರಿ’ನಲ್ಲಿ 60 ಗ್ರಾಂ. ನೂರಕ್ಕೆ 8 ಭಾಗ ಮದ್ಯಸಾರವಿರುವ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಬಾಟಲಿಯಲ್ಲಿಯೂ 41 ಗ್ರಾಂ ಉಂಟು. “ಬಿಯರ್ ಅಂದ್ರ ಸೆರೆ ಅಲ್ಲ ಬಿಡ್ರಿ” ಎನ್ನುವವರು ಈ ಅಂಕೆಯನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳಿತು. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ನಾಲ್ಕು ಗಂಟೆಗೂ, ಒಮ್ಮೊಮ್ಮೆ ಆರು ಗಂಟೆಗೂ ಅದರ ಶೇಷ ಉಳಿದಿರುತ್ತದೆ.

ಹೀಗೆ ಒಂದು ರಾತ್ರಿಯ ಏರಿಳಿತವೇನೋ ಮೂರು ನಾಲ್ಕು ಅಂಶಗಳದ್ದು. ಆದರೆ ದಿನವೂ ಕುಡಿಯುವವನಿಗೆ ಇಳಿತವು ಉಳಿಯುವುದಿಲ್ಲ, ಏರಿಕೆ ಮಾತ್ರ ಮನೆ ಮಾಡಿಕೊಳ್ಳುತ್ತದೆ. ಇದು ಹೊಸ ಮಾತೂ ಅಲ್ಲ. 1915ರಷ್ಟು ಹಿಂದೆಯೇ ಕಾಮಿಲ್ ಲಿಯಾನ್ ಎಂಬ ಫ್ರೆಂಚ್ ವೈದ್ಯರು, ದ್ರಾಕ್ಷಾಮದ್ಯವನ್ನು ಹೆಚ್ಚಾಗಿ ಕುಡಿಯುವ ಸೈನಿಕರಲ್ಲಿ ರಕ್ತದೊತ್ತಡ ಹೆಚ್ಚಾಗಿರುವುದನ್ನು ಗುರುತಿಸಿದ್ದರು. ಇದರ ಇನ್ನೊಂದು ಮುಖ ಆಶಾದಾಯಕವಾದುದು. 2017ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರಕಾರ, ದಿನಕ್ಕೆ ತಲಾ 12 ಗ್ರಾಮಿನ ಆರು ಅಳತೆಗಳಿಗಿಂತ ಹೆಚ್ಚು ಕುಡಿಯುತ್ತಿದ್ದವರು ತಮ್ಮ ಕುಡಿತವನ್ನು ಅರ್ಧಕ್ಕೆ ಇಳಿಸಿದಾಗ ಮೇಲಿನ ಅಂಕೆ ಐದೂವರೆ, ಕೆಳಗಿನ ಅಂಕೆ ನಾಲ್ಕರಷ್ಟು ಕಡಮೆಯಾಯಿತು. ಹಣ ಕೊಟ್ಟು ಕೊಂಡ ಗುಳಿಗೆಯೂ ಕೆಲವೊಮ್ಮೆ ಇಷ್ಟು ಮಾಡುವುದಿಲ್ಲ.

ಕುಡಿತದ ಜೊತೆಗೆ ತಟ್ಟೆಯಲ್ಲಿ ಬರುವ ಖಾರದ ಚೂಡಾ, ಉಪ್ಪು ಹಚ್ಚಿದ ಶೇಂಗಾ, ಮಿರ್ಚಿ ಭಜಿ, ಉಪ್ಪಿನಕಾಯಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಧಾಬಾದ ಒಂದು ಸಂಜೆ ಅದನ್ನು ಸುಲಭವಾಗಿ ದಾಟಿಸುತ್ತದೆ.

ಗುಳಿಗೆಗಳ ಕುಲಗೋತ್ರ

‘ಬೀಪಿ ಗುಳಿಗೆ’ ಎಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಹಲವು ಕುಲಗಳುಂಟು. ಮದ್ಯದೊಡನೆ ಒಂದೊಂದರ ವರ್ತನೆಯೂ ಒಂದೊಂದು ಬಗೆ.

ಕೊಳವೆಯನ್ನು ಹಿಗ್ಗಿಸುವ ಗುಳಿಗೆಗಳು ಮೊದಲನೆಯವು. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್ ಮುಂತಾದವು ಈ ಗುಂಪಿನವು. ಗುಳಿಗೆಯೂ ನಾಳಗಳನ್ನು ಸಡಿಲಿಸಿರುತ್ತದೆ, ಮದ್ಯವೂ ಸಡಿಲಿಸುತ್ತದೆ. ಕುಳಿತಿರುವವರೆಗೆ ತೊಂದರೆ ಕಾಣಿಸದು. ತಟ್ಟನೆ ಎದ್ದು ನಿಂತಾಗ ರಕ್ತವೆಲ್ಲ ಕಾಲಿಗಿಳಿದು ಮಿದುಳಿಗೆ ಸಾಲದೆ ಕಣ್ಣು ಕತ್ತಲಿಡುತ್ತದೆ. ಇದನ್ನೇ ಈ ಸೀಮೆಯಲ್ಲಿ ‘ಚಕ್ಕರ ಬಂತು’ ಎನ್ನುವುದು. ಇದೇ ಕುಟುಂಬಕ್ಕೆ ಹತ್ತಿರದ ವೆರಪಮಿಲ್ ಎಂಬ ಔಷಧಕ್ಕೆ ಇನ್ನೊಂದು ಗುಣವುಂಟು: ಅದು ಮದ್ಯ ಕರಗುವ ವೇಗವನ್ನೇ ತಗ್ಗಿಸುವುದರಿಂದ ಅಮಲು ಹೆಚ್ಚು ಹೊತ್ತು ನಿಲ್ಲುತ್ತದೆ.

ಪ್ರಾಜೋಸಿನ್ ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ವಯಸ್ಸಾದವರಿಗೆ ಮೂತ್ರ ಕಟ್ಟುವ ತೊಂದರೆಗಾಗಿ ಕೊಡುವ ಗುಳಿಗೆಗಳಲ್ಲಿಯೂ ಇದರ ದಾಯಾದಿಗಳಿವೆ. ಮದ್ಯವಿಲ್ಲದೆಯೂ ಇವು ನಿಂತವನನ್ನು ಬೀಳಿಸಬಲ್ಲವು. ಆದ್ದರಿಂದಲೇ ಇವನ್ನು ಸಾಮಾನ್ಯವಾಗಿ ಮಲಗುವಾಗ ಕೊಡುತ್ತಾರೆ. ಮಲಗುವ ಹೊತ್ತೇ ಕುಡಿತದ ಹೊತ್ತೂ ಆಗಿದ್ದರೆ ಅಪಾಯ ಇಮ್ಮಡಿ.

ನೀರನ್ನು ಹೊರಹಾಕುವ ಗುಳಿಗೆಗಳು ಎರಡನೆಯವು: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್. ಮದ್ಯವೂ ಮೂತ್ರವನ್ನು ಹೆಚ್ಚಿಸುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ದುಡಿದು ಬೆವರು ಹರಿಸಿದವನು, ಸಂಜೆ ಈ ಎರಡನ್ನೂ ಕೂಡಿಸಿದರೆ ನೀರಿನೊಡನೆ ಸೋಡಿಯಂ, ಪೊಟಾಸಿಯಂ ಎಂಬ ಲವಣಗಳೂ ಹೋಗಿ ಮೀನಖಂಡದಲ್ಲಿ ಸೆಳೆತ, ನಿಶ್ಶಕ್ತಿ, ಎದೆಬಡಿತದ ತಾಳ ತಪ್ಪುವಿಕೆಗಳು ಕಾಣಿಸಿಕೊಳ್ಳಬಹುದು.

ಪಂಪಿನ ವೇಗವನ್ನು ತಗ್ಗಿಸುವ ಅಟೆನೊಲಾಲ್, ಮೆಟೊಪ್ರೊಲಾಲ್ ಮೂರನೆಯವು. ಮಧುಮೇಹವೂ ಇದ್ದು ಅದಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸತಕ್ಕದ್ದು. ಊಟ ಬಿಟ್ಟು ಕುಡಿದಾಗ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುವುದುಂಟು. ಹಾಗೆ ಇಳಿದಾಗ ಎದೆ ಬಡಿದುಕೊಂಡು, ಕೈ ನಡುಗಿ, ದೇಹವು ಕೂಗಿ ಹೇಳುತ್ತದೆ. ಆ ಕೂಗನ್ನು ಈ ಗುಳಿಗೆಗಳು ಅಡಗಿಸಿಬಿಡುತ್ತವೆ. ಬೆವರು ಮಾತ್ರ ಸಾಕ್ಷಿಯಾಗಿ ಉಳಿಯುತ್ತದೆ.

“ನಮ್ಮದು ದೇಶೀ ಔಷಧ, ಬೇರಿನದು, ಅದಕ್ಕೆ ಪಥ್ಯವಿಲ್ಲ” ಎಂಬ ಧೈರ್ಯವೂ ಕೆಲವರಿಗುಂಟು. ಬೇರಿನ ಹಿರಿಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ಪಶ್ಚಿಮಘಟ್ಟದಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಅದನ್ನು ಪ್ರಮಾಣೀಕರಿಸಿದರು. 1952ರಲ್ಲಿ ಅದರ ಸತ್ವವಾದ ರಿಸರ್ಪಿನ್ ಬೇರ್ಪಟ್ಟು ಜಗತ್ತಿನಾದ್ಯಂತ ಬಳಕೆಗೆ ಬಂತು. ಆದರೆ ಒತ್ತಡವನ್ನು ಇಳಿಸುವ ಆ ಬೇರೇ ಮಂಪರನ್ನೂ ತರುತ್ತದೆ, ನಾಡಿಯನ್ನೂ ನಿಧಾನಗೊಳಿಸುತ್ತದೆ. ಕೆಲಸ ಮಾಡುವ ಶಕ್ತಿಯುಳ್ಳದ್ದಕ್ಕೆ ಕೆಡುಕು ಮಾಡುವ ಶಕ್ತಿಯೂ ಇದ್ದೇ ಇರುತ್ತದೆ. ಬೇರಿನದಾದರೂ ಅಷ್ಟೆ, ಕಾರಖಾನೆಯದಾದರೂ ಅಷ್ಟೆ.

ಇನ್ನೊಂದು ಗುಳಿಗೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಬ್ಬಿನ ಕಟಾವಿನ ದಿನಗಳಲ್ಲಿ ಮೈಕೈ ನೋವಿಗೆಂದೋ, ಕುಡಿದ ಮರುದಿನದ ತಲೆನೋವಿಗೆಂದೋ ಚೀಟಿಯಿಲ್ಲದೆ ಕೊಳ್ಳುವ ಡಿಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವುನಿವಾರಕಗಳು ತಾವೇ ಒತ್ತಡವನ್ನು ಏರಿಸುತ್ತವೆ, ಬೀಪಿ ಗುಳಿಗೆಯ ಶಕ್ತಿಯನ್ನು ಕುಂದಿಸುತ್ತವೆ, ಮೂತ್ರಪಿಂಡಕ್ಕೆ ಭಾರವಾಗುತ್ತವೆ. ಮದ್ಯ ಸೇರಿದರೆ ಜಠರದಲ್ಲಿ ರಕ್ತಸ್ರಾವಕ್ಕೂ ಕಾರಣವಾಗಬಲ್ಲವು.

ಬಿಟ್ಟ ಗುಳಿಗೆಯ ಸೇಡು

ಹಾಗಾದರೆ ಕುಡಿಯುವ ದಿನ ಗುಳಿಗೆ ಬಿಡುವುದೇ ಲೇಸಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಕಾಕಾನ ತೀರ್ಪು ಮುರಿದು ಬೀಳುವುದು ಇಲ್ಲಿಯೇ.

ಅಮ್ಲೋಡಿಪಿನ್ ಎಂಬ ಗುಳಿಗೆಯ ಅರ್ಧಾಂಶವು ದೇಹದಿಂದ ಹೊರಹೋಗಲು 30ರಿಂದ 50 ಗಂಟೆಗಳು ಬೇಕು. ಟೆಲ್ಮಿಸಾರ್ಟಾನಿನದೂ ಸುಮಾರು ಒಂದು ಇಡೀ ದಿನ. ಅಂದರೆ ಇಂದು ಗುಳಿಗೆ ಬಿಟ್ಟು ಕುಡಿದವನ ರಕ್ತದಲ್ಲಿ ನಿನ್ನೆಯ ಗುಳಿಗೆ, ಮೊನ್ನೆಯ ಗುಳಿಗೆ ಇನ್ನೂ ಓಡಾಡುತ್ತಲೇ ಇರುತ್ತವೆ. ಎರಡನ್ನೂ ಬೇರೆ ಬೇರೆ ಮನೆಯಲ್ಲಿರಿಸಿದೆನೆಂದು ಅವನು ತಿಳಿದನು. ಅವು ಒಂದೇ ಮನೆಯಲ್ಲಿ ಕೂಡಿದವು. ಗುಳಿಗೆ ಬಿಟ್ಟುದರ ಲಾಭವಂತೂ ದೊರೆಯಲಿಲ್ಲ. ನಷ್ಟ ಮಾತ್ರ ಮರುದಿನ ಬರುತ್ತದೆ: ಮದ್ಯದ ಏರಿಕೆ ಆರಂಭವಾಗುವ ಹೊತ್ತಿಗೆ ಗುಳಿಗೆಯ ಕಾವಲು ತೆಳುವಾಗಿರುತ್ತದೆ.

ಅಟೆನೊಲಾಲ್ ಮತ್ತು ಕ್ಲೊನಿಡಿನ್‌ಗಳ ವಿಷಯ ಇನ್ನೂ ಗಂಭೀರ. ಇವು ಬೇಗ ದೇಹವನ್ನು ಬಿಡುತ್ತವೆ. ಇವನ್ನು ಥಟ್ಟನೆ ನಿಲ್ಲಿಸಿದರೆ, ಅದುಮಿಟ್ಟ ಸ್ಪ್ರಿಂಗು ಚಿಮ್ಮಿದಂತೆ ಒತ್ತಡವೂ ಬಡಿತವೂ ಮೇಲಕ್ಕೆ ನೆಗೆಯಬಹುದು. ಹೃದಯದ ನಾಳಗಳಲ್ಲಿ ಮೊದಲೇ ತೊಡಕಿದ್ದವನಿಗೆ ಎದೆನೋವು, ಹೃದಯಾಘಾತಗಳೂ ಸಂಭವಿಸಿದ್ದುಂಟು. ಶನಿವಾರ, ರವಿವಾರ ಕುಡಿದು ಎರಡು ದಿನ ಗುಳಿಗೆ ತಪ್ಪಿಸಿದವನ ಸೋಮವಾರದ ಬೆಳಗು ಈ ಕಾರಣದಿಂದ ಕೇಡಿನ ಬೆಳಗಾಗಬಲ್ಲದು. ಆದಕಾರಣ ಕುಡಿತವೆಂಬ ಒಂದು ತಪ್ಪಿಗೆ ಗುಳಿಗೆ ಬಿಡುವ ಇನ್ನೊಂದು ತಪ್ಪನ್ನು ಪ್ರಾಯಶ್ಚಿತ್ತವಾಗಿ ಮಾಡತಕ್ಕದ್ದಲ್ಲ.

ಮುಚ್ಚಿಟ್ಟ ಮಾತು

ಇಷ್ಟೆಲ್ಲವನ್ನೂ ಊರಿನ ಡಾಕ್ಟರು ಬಲ್ಲರು. ಆದರೂ ರೋಗಿಗೆ ಅವರ ಜ್ಞಾನದ ಪ್ರಯೋಜನ ದೊರೆಯುವುದಿಲ್ಲ. ಏಕೆಂದರೆ ಕೇಳಬೇಕಾದವನು ಕೇಳುವುದಿಲ್ಲ, ಕೇಳಿದರೆ ಹೇಳುವುದಿಲ್ಲ.

ಮುಚ್ಚಿಡುವ ಈ ಅಭ್ಯಾಸಕ್ಕೆ ಈ ಸೀಮೆಯಲ್ಲಿ ಒಂದು ಇತಿಹಾಸವೂ ಉಂಟು. ಗೋಕಾಕ, ಹುಕ್ಕೇರಿಗಳು 1956ರ ನವೆಂಬರಿನವರೆಗೆ ಮುಂಬಯಿ ರಾಜ್ಯದಲ್ಲಿದ್ದವು. 1949ರ ಮುಂಬಯಿ ಪಾನನಿರೋಧ ಕಾಯಿದೆ ಬಂದ ಮೇಲೆ ಕುಡಿತವು ಇಲ್ಲಿ ಅಪರಾಧವಾಯಿತು. ಮೈಸೂರು ರಾಜ್ಯವನ್ನು ಸೇರಿದ ಮೇಲೂ, 1967ರಲ್ಲಿ ಪಾನನಿರೋಧ ರದ್ದಾಗುವವರೆಗೆ, ಸೆರೆ ಎಂಬುದು ಕತ್ತಲೆಯ ವಸ್ತುವಾಗಿಯೇ ಉಳಿಯಿತು. ಅನಂತರ ಅಂಗಡಿಗಳು ತೆರೆದವು. 2007ರ ಜುಲೈ 1ರಿಂದ ಸಾರಾಯಿಯನ್ನು ಸರಕಾರ ನಿಷೇಧಿಸಿತು. ಸಾರಾಯಿಯ ಜಾಗಕ್ಕೆ ವಿಸ್ಕಿಯ ಅಗ್ಗದ ಪೊಟ್ಟಣಗಳು ಬಂದವು. ಈ ಮದ್ಯದ ಮೂಲವಾದರೂ ದೂರದ್ದೇನಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರಖಾನೆ ಮೊದಲ್ಗೊಂಡು ಘಟಪ್ರಭೆಯ ಬಯಲಿನುದ್ದಕ್ಕೂ ಸಕ್ಕರೆ ಕಾರಖಾನೆಗಳಿವೆ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ನಮ್ಮ ದೇಶದ ವಿಸ್ಕಿ, ರಮ್ಮುಗಳಲ್ಲಿ ಹೆಚ್ಚಿನವುಗಳ ತಾಯಿ. ಬೆಳೆದವನ ಹೊಲದ ಕಬ್ಬು ಊರೆಲ್ಲ ಸುತ್ತಿ ಅವನ ಲೋಟಕ್ಕೇ ಮರಳುತ್ತದೆ. ಕಾನೂನು ಬದಲಾಯಿತು, ಪೊಟ್ಟಣ ಬದಲಾಯಿತು. ಮುಚ್ಚಿಡುವ ಚಾಳಿ ಮಾತ್ರ ಬದಲಾಗಲಿಲ್ಲ. ಅಂದು ಪೊಲೀಸನಿಂದ ಮುಚ್ಚಿಟ್ಟುದನ್ನು ಇಂದು ವೈದ್ಯನಿಂದ ಮುಚ್ಚಿಡುತ್ತಾರೆ.

ಅದರ ಫಲವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಐವತ್ತೈದರ ಆಸುಪಾಸಿನ ಒಬ್ಬ ಗೃಹಸ್ಥ ಸೋಮವಾರ ಬೆಳಿಗ್ಗೆ ದವಾಖಾನೆಗೆ ಬರುತ್ತಾನೆನ್ನಿ. ಪಕ್ಕದಲ್ಲಿ ಹೆಂಡತಿ. ಒತ್ತಡ 166/100.

“ಗುಳಿಗಿ ತಪ್ಪದ ತಗೋತೀರಿ?”

“ಹೌದ್ರಿ ಸಾಹೇಬ್ರ, ಒಂದ ದಿನಾನೂ ಬಿಟ್ಟಿಲ್ರಿ.”

“ಕುಡಿಯೋದು ಏನಾರ ಐತೇನು?”

“ಛೇ ಛೇ, ಅದೆಲ್ಲಾ ಇಲ್ರಿ.”

ಹೆಂಡತಿ ನೆಲ ನೋಡುತ್ತಾಳೆ. ಡಾಕ್ಟರು ಆ ಮಾತನ್ನು ನಂಬುತ್ತಾರೆ. ನಂಬದೆ ಚಿಕಿತ್ಸೆ ಮಾಡುವುದೆಂತು? ತಪ್ಪದೆ ಗುಳಿಗೆ ನುಂಗಿಯೂ ಇಷ್ಟು ಒತ್ತಡವಿದ್ದ ಮೇಲೆ ಒಂದು ಗುಳಿಗೆ ಸಾಲದೆಂದು ಎರಡನೆಯದನ್ನು ಬರೆದುಕೊಡುತ್ತಾರೆ. ನಿಜವಾಗಿ ಆ ಎರಡನೆಯ ಗುಳಿಗೆ ಬಂದದ್ದು ರೋಗಕ್ಕಾಗಿ ಅಲ್ಲ, ಸುಳ್ಳಿಗಾಗಿ. ಗೃಹಸ್ಥ ಒಂದು ವಾರ ಶ್ರದ್ಧೆಯಿಂದ ಎರಡನ್ನೂ ನುಂಗುತ್ತಾನೆ. ಮುಂದಿನ ಶನಿವಾರ ಬೀಗರ ಮನೆಯ ಕಾರ್ಯ, ಗೆಳೆಯರ ಒತ್ತಾಯ, ಒಂದು ಕ್ವಾರ್ಟರ್. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದವನಿಗೆ ಬಾಗಿಲು ಕಾಣುವುದಿಲ್ಲ. ಹೊಸ್ತಿಲ ಮೇಲೆ ಬೀಳುತ್ತಾನೆ. ತೊಡೆಯ ಎಲುಬು ಮುರಿಯುತ್ತದೆ. ಮರುದಿನ ನೋಡಲು ಬಂದವರಿಗೆಲ್ಲ ಮನೆಯವರು ಹೇಳುವ ಮಾತು ಒಂದೇ: “ಚಕ್ಕರ ಬಂದು ಬಿದ್ರು.” ಅದೂ ಸುಳ್ಳಲ್ಲ.

ಆ ಹೆಂಡತಿ ಬಾಯಿ ಬಿಟ್ಟಿದ್ದರೆ? ಗಂಡನ ಮಾನ ಹೋಗುತ್ತದೆಂಬ ಅಂಜಿಕೆ ಅವಳದು. ಮನೆಗೆ ಹೋದ ಮೇಲೆ ಕೇಳಬೇಕಾದ ಮಾತಿನ ಅಂಜಿಕೆಯೂ ಇದ್ದೀತು. ಆದರೆ ವೈದ್ಯನ ಕೋಣೆ ನ್ಯಾಯಾಲಯವಲ್ಲ. ಅಲ್ಲಿ ಹೇಳಿದ ಮಾತು ಹೊರಗೆ ಹೋಗಬಾರದೆಂಬುದು ವೈದ್ಯಧರ್ಮ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು, ಯಾವ ಹೊತ್ತಿನಲ್ಲಿ ಎಂಬ ಮೂರು ಸಂಗತಿಗಳು ತಿಳಿದರೆ ಡಾಕ್ಟರು ಎರಡನೆಯ ಗುಳಿಗೆಯನ್ನು ಬರೆಯದೆಯೇ ಇರಬಹುದು. ಬರೆದರೂ ತಕ್ಕುದನ್ನು ಆರಿಸಬಹುದು. ಗಂಡನು ಹೇಳಲಾರದಿದ್ದರೆ, ಹೆಂಡತಿಯೋ ಮಗನೋ ಒಳಗೆ ಹೋಗಿ ಮೆಲ್ಲಗೆ ಹೇಳಿ ಬರುವುದು ಚಾಡಿಯಲ್ಲ, ಶುಶ್ರೂಷೆ.

ಅಳೆಯುವ ಹೊತ್ತಿನಲ್ಲಿಯೂ ಒಂದು ಮೋಸವಿದೆ. ಈಗ ಅನೇಕ ಮನೆಗಳಲ್ಲಿ ಒತ್ತಡ ಅಳೆಯುವ ಸಣ್ಣ ಯಂತ್ರಗಳಿವೆ. ಕುಡಿದು ಬಂದ ರಾತ್ರಿ ಅಳೆದು, ಅಂಕೆ ಇಳಿದಿರುವುದನ್ನು ಕಂಡು, “ನೋಡು, ತಗೊಂಡ್ರ ಬೀಪಿ ಇಳೀತೈತಿ” ಎಂದು ಮನೆಯವರ ಬಾಯಿ ಮುಚ್ಚಿಸುವವರುಂಟು. ಮರುದಿನ ಮಧ್ಯಾಹ್ನ ಮತ್ತೊಮ್ಮೆ ಅಳೆದರೆ ಯಂತ್ರವು ಉಳಿದ ಅರ್ಧ ಸತ್ಯವನ್ನೂ ಹೇಳುತ್ತದೆ.

ಶ್ರಾವಣದ ಶಪಥ

ಶ್ರಾವಣ ಬಂತೆಂದರೆ ಈ ಭಾಗದ ಎಷ್ಟೋ ಮಂದಿ ಒಂದು ತಿಂಗಳು ಮದ್ಯ ಮುಟ್ಟುವುದಿಲ್ಲ. ಇದು ಮೆಚ್ಚತಕ್ಕ ವ್ರತ. ಅಪರೂಪಕ್ಕೆ ಕುಡಿಯುವವನಿಗೆ ಇದರಿಂದ ಒಳಿತಲ್ಲದೆ ಬೇರೇನೂ ಇಲ್ಲ. ಆದರೆ ವರ್ಷಗಳಿಂದ ದಿನವೂ ಮಿತಿಮೀರಿ ಕುಡಿಯುತ್ತಿದ್ದವನು ಒಂದೇ ಏಟಿಗೆ ನಿಲ್ಲಿಸಿದಾಗ, ಮೊದಲ ದಿನದೊಳಗೇ ಕೈ ನಡುಕ, ಬೆವರು, ನಿದ್ರಾಹೀನತೆಗಳು ತೋರಿ ಒತ್ತಡವೂ ಏರುತ್ತದೆ; ಎರಡು ಮೂರು ದಿನಗಳೊಳಗೆ ಫಿಟ್ಸ್ ಬರುವುದೂ, ಇಲ್ಲದ್ದನ್ನು ಕಂಡು ಬಡಬಡಿಸುವುದೂ ಉಂಟು. ಅದನ್ನು ದೆವ್ವದ ಕಾಟವೆಂದು ಭಾವಿಸಿ ಕೂರುವುದು ಪ್ರಾಣಕ್ಕೆ ಅಪಾಯ. ಅಂಥವರು ವೈದ್ಯರಿಗೆ ಮೊದಲೇ ತಿಳಿಸಿ, ಅವರ ನೆರವಿನಿಂದ ನಿಲ್ಲಿಸತಕ್ಕದ್ದು.

ವ್ರತ ಫಲಿಸಿದ ಮೇಲೆ ಇನ್ನೊಂದು ಎಚ್ಚರವೂ ಬೇಕು. ಕುಡಿತ ನಿಂತ ಕೆಲವು ವಾರಗಳಲ್ಲಿ ಒತ್ತಡ ಇಳಿಯುವುದರಿಂದ, ಹಿಂದಿನ ಗುಳಿಗೆಗಳು ಹೆಚ್ಚೆನಿಸಿ ತಲೆ ಹಗುರಾಗಬಹುದು. ಆಗ ಒತ್ತಡ ಅಳೆಯಿಸಿ, ಗುಳಿಗೆ ಕಡಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳಬೇಕೇ ವಿನಾ ತಾನಾಗಿಯೇ ನಿಲ್ಲಿಸಬಾರದು. ಶ್ರಾವಣ ಮುಗಿದ ಮರುದಿನವೇ ತಿಂಗಳ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸುವ ಪದ್ಧತಿಯಂತೂ ವ್ರತದ ಪುಣ್ಯವನ್ನೂ ದೇಹದ ಲಾಭವನ್ನೂ ಒಟ್ಟಿಗೆ ಕಳೆಯುವ ದಾರಿ.

ಎಷ್ಟಾದರೆ ನಡೆದೀತು?

ಇಷ್ಟು ಕೇಳಿದ ಮೇಲೂ ಕಾಕಾನ ಮೂಲಪ್ರಶ್ನೆ ಉಳಿದೇ ಇರುತ್ತದೆ. ಎಷ್ಟಾದರೆ ನಡೆದೀತು? ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ನೀಡಿದ ಹೇಳಿಕೆಯ ಪ್ರಕಾರ, ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ. ಒತ್ತಡ ಹತೋಟಿಗೆ ಬಾರದವರು, ಹೃದಯ, ಯಕೃತ್ತು, ಮೂತ್ರಪಿಂಡಗಳ ತೊಂದರೆಯುಳ್ಳವರು, ಒಮ್ಮೆ ಪಾರ್ಶ್ವವಾಯು ಬಡಿದವರು, ನಿದ್ರೆಯ ಗುಳಿಗೆ ನುಂಗುವವರು, ಎದೆನೋವಿಗೆ ನಾಲಿಗೆಯ ಕೆಳಗೆ ಗುಳಿಗೆ ಇರಿಸಿಕೊಳ್ಳುವವರು – ಇವರಿಗೆ ಒಂದು ಗುಟುಕೂ ಬೇಡ. ಒತ್ತಡ ಹತೋಟಿಯಲ್ಲಿದ್ದು, ಬೇರೆ ರೋಗವಿಲ್ಲದವನು ಅಪರೂಪಕ್ಕೆ ಒಂದು ಪೆಗ್ಗು ಕುಡಿದರೆ ಆಕಾಶ ಬೀಳುವುದಿಲ್ಲ. ಆದರೆ ಆ ಮಾತನ್ನು ಅವನ ವೈದ್ಯರೇ ಅವನ ಗುಳಿಗೆಯ ಹೆಸರು ನೋಡಿ ಹೇಳತಕ್ಕದ್ದು, ಪಕ್ಕದ ಕುರ್ಚಿಯ ಗೆಳೆಯನಲ್ಲ.

ಬೇಡವೆಂದರೂ ಕುಡಿದೇ ಬಂದವನ ವಿಷಯದಲ್ಲಿ ಮನೆಯವರು ತಿಳಿದಿರಬೇಕಾದುದು ಇಷ್ಟು. ಊಟ ಮಾಡಿಸಬೇಕು, ನೀರು ಕುಡಿಸಬೇಕು. ಮೋಟಾರು ಸೈಕಲ್ಲಿನ ಕೀಲಿಯನ್ನು ತೆಗೆದಿರಿಸಬೇಕು. ರಾತ್ರಿ ಎದ್ದರೆ ಮೊದಲು ಹಾಸಿಗೆಯ ಮೇಲೆ ಕುಳಿತು, ಅನಂತರ ಆಧಾರ ಹಿಡಿದು ನಿಲ್ಲುವಂತೆ ಹೇಳಬೇಕು. ಬಚ್ಚಲ ದಾರಿಯ ದೀಪ ಉರಿಯುತ್ತಿರಲಿ. ಮರುದಿನದ ಗುಳಿಗೆ ಎಂದಿನ ಹೊತ್ತಿಗೆ ಬ

ೀಳಬೇಕು. ನಿನ್ನೆ ತಪ್ಪಿದುದಕ್ಕೆಂದು ಇಂದು ಎರಡು ಕೊಡಬಾರದು. ತಲೆ ತೀರ ಹಗುರಾಗಿ ನಿಲ್ಲಲಾರದಂತಿದ್ದರೆ ಗುಳಿಗೆ ಕೊಡುವ ಮೊದಲು ಒತ್ತಡ ಅಳೆಯಿಸಿ ವೈದ್ಯರನ್ನು ಕೇಳಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಒತ್ತಡದ ತಪಾಸಣೆಗೂ ಸಾಮಾನ್ಯ ಗುಳಿಗೆಗಳಿಗೂ ಹಣ ಬೇಕಾಗಿಲ್ಲ. ಹಣದ ನೆಪ ಇಲ್ಲಿ ನಡೆಯದು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ರಕ್ತದೊತ್ತಡದ ರೋಗಿ ಕುಡಿದ ರಾತ್ರಿ ಅವನ ಮಾತು ತೊದಲಿದರೆ, ನಡಿಗೆ ತಪ್ಪಿದರೆ, “ಕುಡದಾನ, ಮಲಗ್ಲಿ ಬಿಡು” ಎನ್ನುವುದು ವಾಡಿಕೆ. ಮಿದುಳಿನ ನಾಳ ಕಟ್ಟಿಕೊಂಡಾಗಲೂ ಒಡೆದಾಗಲೂ ಮಾತು ಹಾಗೆಯೇ ತೊದಲುತ್ತದೆ, ನಡಿಗೆ ಹಾಗೆಯೇ ತಪ್ಪುತ್ತದೆ. ಮದ್ಯದ ಅಮಲು ಎರಡು ಪಕ್ಕಕ್ಕೂ ಸಮನಾಗಿ ತಟ್ಟುತ್ತದೆ. ಪಾರ್ಶ್ವವಾಯು ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ತಟ್ಟುತ್ತದೆ. ಆದ್ದರಿಂದ ಅವನನ್ನು ನಗಲು ಹೇಳಿ ಬಾಯಿ ಒಂದು ಕಡೆ ಸೊಟ್ಟಗಾಗುವುದೇ ಎಂದು ನೋಡಬೇಕು. ಎರಡೂ ಕೈ ಎತ್ತಲು ಹೇಳಿ ಒಂದು ಕೈ ಜೋತು ಬೀಳುವುದೇ ಎಂದು ನೋಡಬೇಕು. ಅನುಮಾನ ಬಂದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಕಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಟ್ಟರೆ ಮಾತ್ರ ಪ್ರಯೋಜನವೆಂಬುದು ಸಾಮಾನ್ಯ ನಿಯಮ. ಮೂಡಲಗಿಯಿಂದಾಗಲಿ ಹುಕ್ಕೇರಿಯಿಂದಾಗಲಿ ಬೆಳಗಾವಿಯ ದೊಡ್ಡ ಆಸ್ಪತ್ರೆಯನ್ನು ಮುಟ್ಟುವ ಹೊತ್ತೂ ಅದರಲ್ಲಿಯೇ ಸೇರಿದೆ. ಅಲ್ಲಿ ಮೊದಲು ಕೇಳುವ ಪ್ರಶ್ನೆಗಳು ಎರಡು: ಯಾವ ಗುಳಿಗೆ ನುಂಗುತ್ತಾರೆ, ಇಂದು ಏನು ಕುಡಿದಿದ್ದಾರೆ? ಗುಳಿಗೆಯ ಹಾಳೆಯನ್ನು ಕೈಯಲ್ಲಿ ಹಿಡಿದು, ಎರಡಕ್ಕೂ ನಿಜವನ್ನೇ ಹೇಳತಕ್ಕದ್ದು.